ದಂಡಿಗೆ ಹೋದವರು, ಮನೆಯಲ್ಲಿ ಉಳಿದವರು

ನಮ್ಮ ಹುಮನಾಬಾದ್ ತಾಲೂಕಿನ ಜಲಸಂಗ್ವಿಯ ಗುಡಿಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ. ಆದರೆ ಅವಳು ಬರೆದಿರುವುದೇನು? ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ. ಬರೆಯುವ ಕೈ ಹೆಣ್ಣಿನದು, ಬರೆದ ಕೀರ್ತಿ ದಂಡಿಗೆ ಹೋದವನದು. ಗಂಡ ದಂಡಿಗೆ ಹೋದ ಮೇಲೆ ಮನೆಯಲ್ಲಿ ಉಳಿದವಳು ಹೇಗೆ ಎದೆಗೆಡದೆ ಬಾಳಿದಳೆಂಬುದನ್ನು ಇಂಥ ಕಲ್ಲುಗಳ ಸಂದಿಯಲ್ಲಿಯೇ ಹುಡುಕಬೇಕಾಗಿದೆ.

ನೆರೆಯ ಕಲ್ಯಾಣವನ್ನೇ ತೆಗೆದುಕೊಳ್ಳೋಣ. ಇಂದು ಬಸವಕಲ್ಯಾಣದಲ್ಲಿ ನಿಂತಿರುವ ಕೋಟೆಯ ಬಹುಭಾಗ ಈಚಿನ ಕಾಲದ್ದು. ಚಾಲುಕ್ಯರ ರಾಜಧಾನಿಯನ್ನು ಮನಸ್ಸಿನಲ್ಲಿಯೇ ಕಟ್ಟಿಕೊಳ್ಳಬೇಕು. 1042ರಿಂದ 1068ರವರೆಗೆ ಆಳಿದ ಒಂದನೆಯ ಸೋಮೇಶ್ವರನಿಗೆ ಆಹವಮಲ್ಲನೆಂಬ ಬಿರುದು. ಆಹವವೆಂದರೆ ಕಾಳಗ. ಚೋಳರೊಡನೆ ಅವನ ಕಾಳಗ ಬಾಳಿನುದ್ದಕ್ಕೂ ನಡೆಯಿತು. ಊರಿನಲ್ಲಿ ಉಳಿದವರಾದರೂ ನೆಮ್ಮದಿಯಿಂದಿದ್ದರೆ? ಚೋಳ ರಾಜಾಧಿರಾಜನು ಕಲ್ಯಾಣವನ್ನು ಸುಟ್ಟು ಇಲ್ಲಿಯ ದ್ವಾರಪಾಲಕ ವಿಗ್ರಹವೊಂದನ್ನು ಹೊತ್ತೊಯ್ದ. ಹಾಗೆ ತಂದುದಾಗಿ ಅದರ ಮೇಲೆಯೇ ತಮಿಳಿನಲ್ಲಿ ಬರೆಸಿದ. ಮುಂದೆ ಅದು ದಾರಾಸುರದ ದೇವಾಲಯದಲ್ಲಿ ದೊರೆಯಿತು. ಬಾಗಿಲು ಕಾಯುವವನನ್ನೇ ಹೊತ್ತೊಯ್ದರೆಂದ ಮೇಲೆ ಬಾಗಿಲೊಳಗಿನವರ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಕಾಲದಲ್ಲಿ ಆಹವಮಲ್ಲನ ರಾಣಿಯರು ಏನು ಮಾಡುತ್ತಿದ್ದರು? 1053ರಲ್ಲಿ ಮೈಲಲದೇವಿ ಬನವಾಸಿ ಹನ್ನೆರಡು ಸಾವಿರವನ್ನು ಆಳುತ್ತಿದ್ದಳು. 1054ರಲ್ಲಿ ಕೇತಲದೇವಿ ಪೊನ್ನವಾಡದ ಅಗ್ರಹಾರವನ್ನು, ಎಂದರೆ ಇಂದಿನ ವಿಜಯಪುರ ಜಿಲ್ಲೆಯ ಹೊನವಾಡವನ್ನು, ನೋಡಿಕೊಳ್ಳುತ್ತಿದ್ದಳು. ಅಲ್ಲಿ ಅವಳ ಅಧಿಕಾರಿ ಚಾಂಕಿರಾಜ ಬಸದಿ ಕಟ್ಟಿಸಿದ. ಅವಳ ಕೋರಿಕೆಯ ಮೇರೆಗೆ ಅದಕ್ಕೆ ದತ್ತಿ ಸಂದಿತು. ಕೊಪ್ಪಂ ಕಾಳಗ ನಡೆದದ್ದೂ ಹೆಚ್ಚುಕಡಿಮೆ ಇದೇ ಹೊತ್ತಿನಲ್ಲಿ. ರಾಜಾಧಿರಾಜ ಆನೆಯ ಮೇಲೆಯೇ ಮಡಿದ. ಅವನ ತಮ್ಮ ರಣರಂಗದಲ್ಲಿಯೇ ಪಟ್ಟ ಕಟ್ಟಿಕೊಂಡು ಚಾಲುಕ್ಯರನ್ನು ಹಿಮ್ಮೆಟ್ಟಿಸಿದ. ಚರಿತ್ರೆಯ ಪುಸ್ತಕಗಳಲ್ಲಿ ಆ ಆನೆಗೆ ಸಿಕ್ಕಷ್ಟು ಜಾಗ ಹೊನವಾಡದ ದತ್ತಿಗೆ ಸಿಕ್ಕಿಲ್ಲ. ನನಗಂತೂ ಆ ದತ್ತಿಯೇ ದೊಡ್ಡದು. ಗಡಿಯಲ್ಲಿ ರಾಜ್ಯ ಅಲುಗಾಡುತ್ತಿದ್ದ ವರ್ಷದಲ್ಲಿ ಒಳನಾಡಿನಲ್ಲಿ ಭೂಮಿಯ ಎಲ್ಲೆ ಗುರುತಾಗುತ್ತಿತ್ತು, ದಾನಕ್ಕೆ ಸಾಕ್ಷಿ ನಿಲ್ಲುತ್ತಿತ್ತು. ಎಲ್ಲ ರಾಣಿಯರಿಗೂ ಈ ಭಾಗ್ಯವಿರಲಿಲ್ಲವೆನ್ನಿ. ಕೊಪ್ಪಂನಲ್ಲಿ ಆಹವಮಲ್ಲನ ಕೆಲವು ರಾಣಿಯರನ್ನು ಸೆರೆಹಿಡಿದೆವೆಂದು ಚೋಳರ ಶಾಸನಗಳು ಹೇಳಿಕೊಳ್ಳುತ್ತವೆ.

ರಾಣಿಯರ ಮಾತು ಹೀಗಾಯಿತು. ಸಾಮಾನ್ಯ ಬಂಟನ ಹೆಂಡತಿ? ಗಂಡ ಸತ್ತರೆ ಅವನಿಗೆ ವೀರಗಲ್ಲು; ಜೊತೆಗೆ ಇವಳೂ ಬೆಂಕಿಗೆ ಬಿದ್ದರೆ ಬಳೆ ತೊಟ್ಟ ತೋಳಿನ ಮಾಸ್ತಿಕಲ್ಲು. ಸಾಯದೆ ಉಳಿದು ಮಕ್ಕಳನ್ನು ಸಾಕಿದವಳಿಗೆ ಕಲ್ಲಿಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ಹಂದಿಯೊಡನೆ ಕಾದಿ ಸತ್ತ ಕಾಳಿಯೆಂಬ ನಾಯಿಗೂ ಕಲ್ಲುಂಟು. ನಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೂ ಲೆಕ್ಕ ಲೆಕ್ಕವೇ.

ಉಳಿದವರ ಸುಳಿವು ಸಿಗುವುದು ‘ನೆತ್ತರುಗೊಡಗೆ’ ಎಂಬ ಒಂದು ಮಾತಿನಲ್ಲಿ. ಮಡಿದವನ ರಕ್ತಕ್ಕೆ ಪ್ರತಿಯಾಗಿ ಅವನ ಮನೆಯವರಿಗೆ ಬಿಟ್ಟ ಭೂಮಿ ಅದು. ಭೂಮಿ ಬಂದರೆ ಸಾಲದು, ಅದನ್ನು ಉಳಬೇಕು. ಇನ್ನು ಗಂಡ ಬದುಕಿದ್ದಾಗಿನ ದುಡಿಮೆಯೇನು ಕಡಮೆಯೆ? ಮಳೆ ನಿಂತು ದಾರಿ ಒಣಗಿ, ವಿಜಯದಶಮಿ ಕಳೆದ ಮೇಲೆ ದಂಡು ಹೊರಡುವುದು ಹಳೆಯ ವಾಡಿಕೆ. ನಮ್ಮ ಸೀಮೆಯ ಕರಿನೆಲದಲ್ಲಿ ಹಿಂಗಾರಿ ಜೋಳ ಎದ್ದು ನಿಲ್ಲುವುದೂ ಅದೇ ಹೊತ್ತಿಗೆ. ಒಡೆಯನ ಅನ್ನದ ಋಣಕ್ಕೆ ಹಳೆಗನ್ನಡದ ಬಂಟರು ‘ಜೋಳದ ಪಾಳಿ’ ಎನ್ನುತ್ತಿದ್ದರು. ಅದನ್ನು ತೀರಿಸಲು ಗಂಡಸರು ಹೊರಟರೆ, ಹೊಲದ ಜೋಳದ ಪಾಳಿ ಬಹಳ ಮಟ್ಟಿಗೆ ಹೆಂಗಸರ, ಮುದುಕರ, ಮಕ್ಕಳ ಪಾಲಿಗೆ ಬಂದಿರಬೇಕು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಬೇಕು, ಹಾಲುತೆನೆಗೆ ಬೀಳುವ ಹಕ್ಕಿಯನ್ನು ಕವಣೆ ಬೀಸಿ ಓಡಿಸಬೇಕು. ಕೊಯ್ದು, ತೂರಿ, ರಾಶಿ ಮಾಡಿ, ಬಿತ್ತನೆಗೆಂದು ಒಳ್ಳೆಯ ತೆನೆಗಳನ್ನು ಬೇರೆ ತೆಗೆದಿಡಬೇಕು. ದಂಡಿನಿಂದ ಸುದ್ದಿ ಬಂದಿರಲಿ, ಬಾರದಿರಲಿ.