ರಕ್ತಮೋಕ್ಷಣದಿಂದ ರಕ್ತರಕ್ಷಣೆಗೆ

ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ 1664ರಲ್ಲಿ ಇಂದಿನ ಸರ್ಕಾರಿ ಜನರಲ್ ಆಸ್ಪತ್ರೆಯ ಮೂಲಸಂಸ್ಥೆ ಆರಂಭವಾದಾಗ, ರೋಗಿಯ ರಕ್ತವನ್ನು ಹೊರತೆಗೆಯುವುದು ಐರೋಪ್ಯ ವೈದ್ಯರ ರೂಢಿಯ ಚಿಕಿತ್ಸೆಯಾಗಿತ್ತು. ಇಂದು ಅದೇ ನಗರದಲ್ಲಿ, ಸೊಂಟದ ಕೀಲನ್ನು ಬದಲಿಸಿಕೊಳ್ಳುವ ವೃದ್ಧರ ರಕ್ತವನ್ನು ಆದಷ್ಟೂ ಉಳಿಸುವುದು ವೈದ್ಯಧರ್ಮವೆನಿಸಿದೆ.

1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಉಕ್ಕಿನ ಗುಂಡು, ಪಾಲಿಎಥಿಲೀನ್ ಬಟ್ಟಲುಗಳ ಕೃತಕ ಕೀಲನ್ನು ಅಳವಡಿಸಿದರು. ಅದೇ ವರ್ಷ ಜಪಾನಿನ ಒಕಾಮೊಟೊ ದಂಪತಿಗಳು, ಪ್ರಸವಾನಂತರದ ರಕ್ತಸ್ರಾವವನ್ನು ತಡೆಯುವ ಹಂಬಲದಿಂದ ಶೋಧಿಸಿದ ಟ್ರಾನೆಕ್ಸಾಮಿಕ್ ಆಮ್ಲವನ್ನು ಪ್ರಕಟಪಡಿಸಿದರು. ಇದು ಹೆಪ್ಪನ್ನು ಕಟ್ಟುವುದಿಲ್ಲ. ಕಟ್ಟಿದ ಹೆಪ್ಪು ಕರಗದಂತೆ ಕಾಯುತ್ತದೆ.

ಇವೆರಡೂ ಸಂಧಿಸಲು ದಶಕಗಳೇ ಬೇಕಾದವು. ಆ ಅವಧಿಯಲ್ಲಿ ಎಷ್ಟೋ ವೃದ್ಧರು ಪರರ ರಕ್ತವನ್ನೇ ಆಶ್ರಯಿಸಬೇಕಾಯಿತು. ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಇಂತಹ ವಿಳಂಬಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯ.