ಬಳೆಚೂರಿಗೆ ಕೂಗದ ಯಂತ್ರ

ನಿಧಿ ಅಂದರೆ ನಮ್ಮ ಕಡೆ ಮೊದಲು ನೆನಪಾಗುತ್ತಿದ್ದವನು ಅಂಜನ ಹಾಕುವವನು. ಅವನ ಹಿಂದೆ ನಿಂಬೆಹಣ್ಣು, ಕುಂಕುಮ, ಅಮಾವಾಸ್ಯೆ, ಬಲಿಯ ಮಾತು. ಈಗ ಅವನ ಜತೆಗೆ ಒಂದು ಯಂತ್ರವೂ ಸೇರಿಕೊಂಡಿದೆ. ಉದ್ದನೆ ಕೋಲು, ತುದಿಗೆ ತಟ್ಟೆಯಂಥ ಸುರುಳಿ. ಮೆಟಲ್ ಡಿಟೆಕ್ಟರ್ ಅಂತ ಹೆಸರು. ಬಿದ್ದ ಕೋಟೆ, ಹಳೇ ವಾಡೆ, ಪಾಳುಗುಡಿಗಳ ಸುತ್ತ ಇದನ್ನು ಆಡಿಸಿ ಹಳೇ ಕಾಸು ಹುಡುಕುವವರಿದ್ದಾರೆ. ನಮ್ಮದು ಪಾಳೇಗಾರರ ಸೀಮೆ. 1779ರಲ್ಲಿ ಹೈದರ ಚಿತ್ರದುರ್ಗ ಹಿಡಿದ ಮೇಲೆ ಹೊನ್ನೆಲ್ಲ ನೆಲದ ಪಾಲಾಯಿತು ಅನ್ನೋ ಮಾತಿಗೆ ಇಲ್ಲಿ ಬರಗಾಲವಿಲ್ಲ. ಹೊಸದುರ್ಗ ತಾಲ್ಲೂಕಿನ ಮತ್ತೋಡೂ ಪಾಳೇಗಾರರು ಆಳಿದ ಊರೇ.

ಯಂತ್ರದಲ್ಲಿ ಮಾಯೆ ಏನೂ ಇಲ್ಲ. ಸುರುಳಿಯ ಕರೆಂಟು ನೆಲದೊಳಗೆ ಕಾಂತದ ಸೆಳೆತ ಹುಟ್ಟಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲೂ ಸಣ್ಣ ಕರೆಂಟು ಹುಟ್ಟುತ್ತದೆ, ಅದನ್ನು ಹಿಡಿದು ಯಂತ್ರ ಕೂಗುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ಮೈಯಲ್ಲಿ ಹೊಕ್ಕ ಗುಂಡನ್ನು ಹುಡುಕಲು ಗ್ರಹಾಂ ಬೆಲ್ ಇಂಥದ್ದೇ ಉಪಾಯ ಹೂಡಿ ಸೋತ. ಎರಡನೇ ಮಹಾಯುದ್ಧದಲ್ಲಿ ಹೂತ ಸಿಡಿಮದ್ದು ಪತ್ತೆಗೆ ಇದೇ ಬಂತು. ಒಂಟಿ ಕಾಸಾದರೆ ಗೇಣು ಆಳಕ್ಕೆ ಸಿಕ್ಕೀತು, ಇನ್ನೊಂದಿಷ್ಟು ಹೆಚ್ಚು. ಅದೂ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಹೊಸದುರ್ಗ ಸೀಮೆಯಲ್ಲಿ ಮಣ್ಣೇ ಯಂತ್ರದ ದಿಕ್ಕು ತಪ್ಪಿಸೀತು. ಎತ್ತಿನ ಲಾಳ, ಬಾಗಿಲ ಮೊಳೆ, ಮುರಿದ ಗುಳ ಎಲ್ಲಕ್ಕೂ ಅದು ಕೂಗುತ್ತದೆ.

ಮಣ್ಣಿಗೆ, ಮೂಳೆಗೆ, ಗಾಜಿಗೆ ಮಾತ್ರ ಕೂಗೋದಿಲ್ಲ. ಮತ್ತೋಡಿನ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಯಾಕೆಂದರೆ ಮತ್ತೋಡು ಲೋಕಕ್ಕೆ ಗೊತ್ತಾದದ್ದು ಹೊನ್ನಿನಿಂದ ಅಲ್ಲ, ಬಳೆಯಿಂದ. 1799ರಲ್ಲಿ ಟಿಪ್ಪು ಸತ್ತ ಮೇಲೆ, ಈ ನೆಲದಲ್ಲಿ ಏನೇನು ಬೆಳೆಯುತ್ತೆ, ಏನೇನು ತಯಾರಾಗುತ್ತೆ ಅಂತ ನೋಡಿ ಬಾ ಎಂದು ಕಂಪನಿಯವರು ಫ್ರಾನ್ಸಿಸ್ ಬುಕಾನನ್‌ನನ್ನು ಕಳಿಸಿದರು. 1800-01ರಲ್ಲಿ ತಿರುಗಿದ ಆತ ಮತ್ತೋಡಿನ ಗಾಜಿನ ಕುಲುಮೆಗಳ ಬಗ್ಗೆ ಬರೆದ. ಪುಸ್ತಕ ಅಚ್ಚಾದದ್ದು 1807ರಲ್ಲಿ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಗಾಜು. ಹೆಂಗಸರ ಕೈಗೆ ಬಳೆ. ಅದಕ್ಕೆ ಬೇಕಾದ ಕ್ಷಾರ ಸೌಳು ಮಣ್ಣಿನದು. ಆತ ಕಂಪನಿಯ ಲಾಭಕ್ಕೇ ಬರೆದವನು, ಆದರೂ ಬರೆದದ್ದು ನಮಗೆ ಉಪಯೋಗಕ್ಕೆ ಬಂತು.

ಆ ಸೌಳು ಮಣ್ಣನ್ನು ಬಾಚಿ ಹೊತ್ತವರು ಯಾರು? ಕುಲುಮೆಗೆ ಸೌದೆ ಕಡಿದು ತಂದವರು ಯಾರು? ಬೆಂಕಿ ಮುಂದೆ ಬೆಂದವರು ಯಾರು? ಅವರ ಹೆಸರಲ್ಲಿ ಶಾಸನ ಹಾಕಿಸಿದವರಿಲ್ಲ. ಅವರ ಗುರುತು ಏನಾದರೂ ಉಳಿದಿದ್ದರೆ ಗಾಜಿನ ಕಿಟ್ಟದಲ್ಲಿ, ಬೂದಿಯಲ್ಲಿ, ಮಡಕೆ ಓಡಿನಲ್ಲಿ, ಒಡೆದ ಬಳೆಚೂರಿನಲ್ಲಿ ಉಳಿದಿರಬೇಕು. ಇವಕ್ಕೆಲ್ಲ ಯಂತ್ರ ಮೂಕ.

ಇನ್ನು ಕಾಸು. ಕಾಸು ಯಾರ ಮನೆಯಲ್ಲಿತ್ತು? ಹಳ್ಳಿಯ ಚಾಕರಿ ಮಾಡಿದ ತಳವಾರ, ತೋಟಿ, ನೀರಗಂಟಿ, ಮಾದಿಗರಿಗೆ ಸಿಗುತ್ತಿದ್ದದ್ದು ಆಯ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಸೆರಗೊಡ್ಡಿ ತಂದ ಕಾಳು. ಹೊನ್ನು, ವರಹ ವಾಡೆಗೆ. ಮೊರದ ರಾಗಿ ಕೇರಿಗೆ. ಆ ರಾಗಿ ನೆಲದಲ್ಲಿ ಹೂತಿಡುವಷ್ಟು ಉಳೀತಿತ್ತೇ? ಹಗೇವು ಇದ್ದದ್ದೂ ಉಳ್ಳವರ ಮನೆಯಲ್ಲೇ. ಅದಕ್ಕೇ ಹಟ್ಟಿಯ ಗುಡಿಸಲ ಅಂಗಳದಲ್ಲಿ ಡಿಟೆಕ್ಟರ್ ಆಡಿಸೋಕೆ ಯಾರೂ ಬರೋದಿಲ್ಲ. ಇತಿಹಾಸ ಎಲ್ಲಿದೆ, ಎಲ್ಲಿಲ್ಲ ಅಂತ ಸ್ವಿಚ್ ಒತ್ತೋಕೆ ಮುಂಚೇನೇ ಅವರು ತೀರ್ಮಾನ ಮಾಡಿರುತ್ತಾರೆ.

ಹಾಗಂತ ಕಾಸು ನಮಗೆ ಬೇಡದ ವಸ್ತು ಅನ್ನೋಣವೇ? ಖಂಡಿತ ಅಲ್ಲ. ದುರ್ಗದ ಪಕ್ಕದ ಚಂದ್ರವಳ್ಳಿ ನೋಡಿ. 1929ರಲ್ಲಿ ಎಂ.ಎಚ್. ಕೃಷ್ಣ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದ. ಅಲ್ಲಿ ಶಾತವಾಹನರ ಸೀಸದ ನಾಣ್ಯಗಳೂ ರೋಮಿನ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೂ ಸಿಕ್ಕವು. ಬೆಲೆ ಬೆಳ್ಳಿಯದಲ್ಲ, ಜಾಗದ್ದು. ಯಾವ ಪದರದಲ್ಲಿತ್ತು, ಯಾವ ಓಡಿನ ಪಕ್ಕದಲ್ಲಿತ್ತು ಅಂತ ಬರೆದುಕೊಂಡದ್ದರಿಂದ ಆ ಓಡಿಗೂ ಒಂದು ಕಾಲ ಸಿಕ್ಕಿತು. ಅದನ್ನೇ ಹಿಡಿದು ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಯಲ್ಲಿ ಕಲ್ಲುಗೋರಿ ಕಟ್ಟಿದವರ, ಅವರಿಗೂ ಮೊದಲು ಕಲ್ಲುಗೊಡಲಿ ಹಿಡಿದವರ ಕಾಲ ಎಣಿಸಿದರು. ಆಮೇಲೆ ಇಂಗಾಲದ ಪರೀಕ್ಷೆ ಬಂದು ಆ ಕಲ್ಲುಗೊಡಲಿಯವರು ಇನ್ನೂ ಎಷ್ಟೋ ಹಳಬರು ಅಂತ ಗೊತ್ತಾಯಿತು, ಅದು ಬೇರೆ ಮಾತು.

ಯಂತ್ರದವನು ರಾತ್ರಿ ಬಂದು ಕಾಸನ್ನಷ್ಟೇ ಕಿತ್ತುಕೊಂಡು ಹೋದರೆ ನಷ್ಟ ಯಾರಿಗೆ? ಪಾಳೇಗಾರನಿಗೆ ಏನೂ ಇಲ್ಲ. ಅವನಿಗೆ ಕೋಟೆ ಇದೆ, ಕೈಫಿಯತ್ತಿದೆ, ಲಾವಣಿ ಇದೆ. ಕಾಸಿನ ಪಕ್ಕ ಬಿದ್ದಿದ್ದ ಓಡಿಗೆ, ಬಳೆಚೂರಿಗೆ ಇದ್ದ ಒಬ್ಬನೇ ಸಾಕ್ಷಿ ಹೋದ. ಬರಹ ಇಲ್ಲದವರ ಚರಿತ್ರೆಯ ತಾರೀಖು ಅವನ ಜೇಬಲ್ಲಿ ಹೋಯಿತು, ಕಾಸು ಮಾರುವವನ ಅಂಗಡಿಯಲ್ಲಿ ಸತ್ತಿತು.

ಕಾನೂನು ಇಲ್ಲವೇ ಅಂದರೆ, ಇದೆ. 1878ರ ಬ್ರಿಟಿಷರ ನಿಧಿ ಕಾಯ್ದೆ ಹತ್ತು ರೂಪಾಯಿಗೆ ಮೀರಿದ್ದು ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು ಅಂದಿತು. ಮುಚ್ಚಿಟ್ಟವನಿಗೆ ಒಂದು ವರ್ಷದವರೆಗೆ ಸಜೆ. ನಮ್ಮ ರಾಜ್ಯಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಇಂಗ್ಲೆಂಡಿನಲ್ಲಿ ಜಮೀನಿನವನ ಒಪ್ಪಿಗೆ ಪಡೆದು ಡಿಟೆಕ್ಟರ್ ಆಡಿಸಬಹುದು. ಸಿಕ್ಕಿದ್ದನ್ನೂ ಸಿಕ್ಕ ಜಾಗವನ್ನೂ ಬರೆಸುವ ಏರ್ಪಾಡು 1997ರಿಂದ ಅಲ್ಲಿ ನಡೆದಿದೆ. ಇಲ್ಲಿ ನಡೆಯೋದೇ ಬೇರೆ. ಗುಂಡಿ ತೆಗೆಯೋಕೆ ಕೂಲಿಗೆ ಕರೆಯೋದು ಕೇರಿಯ ಹುಡುಗರನ್ನ. ಯಂತ್ರ ಕಾರಿನ ಡಿಕ್ಕಿಯಲ್ಲಿ, ಗುದ್ದಲಿ ಹುಡುಗನ ಹೆಗಲ ಮೇಲೆ. ಪೊಲೀಸರು ಬಂದರೆ ಮೊದಲು ಯಾರು ಸಿಗ್ತಾರೆ, ನೀವೇ ಹೇಳಿ.

ನಾವು ಹುಡುಗರಿಗೆ ಹೇಳೋದಿಷ್ಟೇ: ಆ ಕೂಲಿಗೆ ಹೋಗಬೇಡಿ. ಪುರುಸೊತ್ತು ಇದ್ದರೆ ಮತ್ತೋಡಿನ ಕೇರಿಗಳಲ್ಲಿ ವಯಸ್ಸಾದ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ. ಹೊಲ ಉಳುವಾಗ ಗಾಜಿನ ಕಿಟ್ಟ ಎದ್ದದ್ದು ಎಲ್ಲಿ? ಮಳೆ ಬಂದ ಮಾರನೇ ದಿನ ಬಣ್ಣದ ಚೂರು ಹೊಳೆಯೋದು ಯಾವ ದಿಬ್ಬದ ಮೇಲೆ? ಸೌಳು ಏಳುವ ಜಾಗ ಯಾವುದು? ಜಾಗ ಗುರುತು ಮಾಡಿ, ಹೇಳಿದವರ ಹೆಸರು ಹಾಕಿ ಬರೆದಿಡಿ. ಚೂರನ್ನು ಅಲ್ಲೇ ಬಿಡಿ.