ಸೊಲ್ಲಾಪುರದ ಇಮಾನ ಮತ್ತು ಅದರ ಕರಾರು

2023ರ ಜೂನ್ 15ರಂದು ಸೊಲ್ಲಾಪುರದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರಖಾನೆಯ ಎತ್ತರದ ಚಿಮಣಿ ಕೆಡವಿದರು. ಹೋಟಗಿ ರಸ್ತೆಯ ವಿಮಾನತಳಕ್ಕೆ ಅದು ಅಡ್ಡ ಎಂದು ವರ್ಷಗಟ್ಟಲೆ ಕೋರ್ಟು ಕಚೇರಿ ನಡೆದಿತ್ತು. ಈ ಭಾಗದ ಕಬ್ಬಿನ ರೈತರು ಹೊಟ್ಟಿ ಉರಕೊಂಡರು, ಪ್ಯಾಟಿಯ ವ್ಯಾಪಾರಸ್ಥರು ಹಿಗ್ಗಿದರು. ಚಿಮಣಿಯ ಕಥಿ ಸಣ್ಣ ಹುಡುಗರಿಗೂ ಗೊತ್ತು. ಆದರ ಇಮಾನಕ್ಕ ರನ್‌ವೇ ಎಷ್ಟು ಬೇಕೋ ಕರಾರಿನ ಕಾಗದನೂ ಅಷ್ಟೇ ಬೇಕು. ಆ ಕಾಗದದ ಇತಿಹಾಸ ಯಾರೂ ಹೇಳೂದಿಲ್ಲ.

2016ರಲ್ಲಿ ಕೇಂದ್ರ ಸರ್ಕಾರ ‘ಉಡಾನ್’ ಯೋಜನೆ ತಂದಿತು. ಸಣ್ಣ ಊರಿಗೆ ಇಮಾನ ಬಿಟ್ಟರೆ ಸೀಟು ತುಂಬೂದಿಲ್ಲ, ಕಂಪನಿಗೆ ನಷ್ಟ. ಆ ಕೊರತೆಯನ್ನು ಸರ್ಕಾರ ತುಂಬಿಕೊಡುತ್ತದೆ. ಕಡಿಮೆ ನೆರವು ಕೇಳಿದವರಿಗೆ ಮಾರ್ಗ ಸಿಗುತ್ತದೆ, ಅಂದರ ನಮ್ಮ ಲಿಲಾವಿನ ಉಲ್ಟಾ. ನೆರವು 3 ವರ್ಷ, ಆ 3 ವರ್ಷ ಮಾರ್ಗವೂ ಅವರಿಗೇ ಮೀಸಲು. ನೆರವಿನ 100 ರೂಪಾಯಿಯಲ್ಲಿ 20 ರಾಜ್ಯದ್ದು. ಕೇಂದ್ರದ ಪಾಲು ದೊಡ್ಡ ಊರುಗಳ ವಿಮಾನಗಳ ಮೇಲೆ ಹಾಕಿದ ಪಟ್ಟಿಯಿಂದ ಬರುತ್ತದೆ.

ಇದರಲ್ಲಿ ತಕರಾರು ಏನು ಅಂತ ಕೇಳಬಹುದು. ಎಸ್‌ಟಿ ಬಸ್ಸಿನಲ್ಲಿ 2023ರಿಂದ ಹೆಣ್ಣುಮಕ್ಕಳಿಗೆ ಅರ್ಧ ತಿಕೀಟು, ಉಳಿದರ್ಧ ಸರ್ಕಾರದ ಲೆಕ್ಕ. ಅದೇ ರಸ್ತೆಯ ವಡಾಪ್ ಜೀಪಿನವ ‘ನನಗ್ಯಾಕ ಇಲ್ಲ?’ ಅಂದರ ಅದೇ ತಕರಾರು. ಎಸ್‌ಟಿ ಸರ್ಕಾರದ್ದು, ಹಳ್ಳಿ ಹಳ್ಳಿಗೆ ಬರ್ತದ, ಅದಕ್ಕ ನಾ ಎಸ್‌ಟಿ ಕಡೆ. ಇಮಾನದ ಕಂಪನಿ ಖಾಸಗಿ ಇದ್ದಾಗ ಮಾತು ಬ್ಯಾರೆ ಆಗ್ತದ.

ಯೂರೋಪಿನಲ್ಲಿ ಇದಕ್ಕೆ ಕಾಯ್ದೆಯೇ ಇದೆ. ಬೆಲ್ಜಿಯಂ ದೇಶದ ಶಾರ್ಲರ್ವಾ ಎಂಬಲ್ಲಿ ಸರ್ಕಾರಿ ವಿಮಾನತಳ ರಯಾನ್‌ಏರ್ ಕಂಪನಿಗೆ ಬಾಡಿಗೆ ಇಳಿಸಿ, ಮೇಲೆ ಹಣವನ್ನೂ ಕೊಟ್ಟಿತ್ತು. ಅದರಲ್ಲಿ ಒಂದು ಪಾಲು ಅಕ್ರಮ ನೆರವು, ವಾಪಸು ಮಾಡಿರಿ ಎಂದು 2004ರಲ್ಲಿ ಯೂರೋಪಿನ ಆಯೋಗ ಹೇಳಿತು. ಸರ್ಕಾರ ಒಬ್ಬ ಖಾಸಗಿ ವ್ಯಾಪಾರಿಯ ಹಾಗೆ ನಡೆದುಕೊಂಡಿತೋ ಇಲ್ಲವೋ ಎಂಬುದನ್ನು ಸರಿಯಾಗಿ ಪರೀಕ್ಷಿಸಿಲ್ಲ ಎಂದು 2008ರಲ್ಲಿ ಅಲ್ಲಿನ ಕೋರ್ಟು ಆ ತೀರ್ಪು ತೆಗೆದುಹಾಕಿತು. ನಮ್ಮ 2002ರ ಸ್ಪರ್ಧಾ ಕಾಯ್ದೆ ಕಂಪನಿಗಳ ನಡತೆ ನೋಡುತ್ತದೆ. ಸರ್ಕಾರದ ನೆರವನ್ನು ಹಂಗ ತೂಗಿ ನೋಡೂ ತಕ್ಕಡಿ ನಮ್ಮಲ್ಲಿಲ್ಲ.

ಅದೇ 2004ರಲ್ಲಿ ನಮ್ಮ ದೇಶದಲ್ಲಿ ಹೈದರಾಬಾದ್, ಬೆಂಗಳೂರಿನ ಹೊಸ ವಿಮಾನತಳಗಳ ಕರಾರು ಆದವು. 150 ಕಿಲೋಮೀಟರಿನೊಳಗೆ 25 ವರ್ಷ ಪೈಪೋಟಿಯ ತಳ ಬರಬಾರದು ಎಂಬ ಕಲಮು ಅದರಲ್ಲಿತ್ತು. ಕೋಟಿಗಟ್ಟಲೆ ಹಾಕುವವ ಬೇಲಿ ಕೇಳೂದು ಸಹಜ. ಆದರ ಬೇಲಿ ಯಾರ ಹೊಲದಾಗ ಬಿತ್ತು? ಬೀದರದಾಗ! ಅಲ್ಲಿ ವಾಯುಪಡೆಯ ರನ್‌ವೇ ಮೊದಲೇ ಇತ್ತು. ಹೈದರಾಬಾದಿಗೆ ಸಮೀಪ ಎಂಬ ಕಾರಣಕ್ಕೆ ಪ್ರಯಾಣಿಕರ ವಿಮಾನ ವರ್ಷಾನುಗಟ್ಟಲೆ ತಡವಾಯಿತು. 2020ರ ಫೆಬ್ರುವರಿ 7ರಂದು ಶುರುವಾಯಿತು. ಮೊದಲು ಹಾರಿಸಿದ ಕಂಪನಿ ನಿಲ್ಲಿಸಿತು, ಎರಡನೆಯದು 2023ರ ಕೊನೆಗೆ ನಿಲ್ಲಿಸಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಶುರು. ನೆರವಿನ ಮ್ಯಾಲ ನಿಂತ ಮಾರ್ಗದ ಹಣೆಬರಹ ಹಿಂಗ.

ಈಗ ನಮ್ಮ ಸೊಲ್ಲಾಪುರ. ಚಿಮಣಿ ಬಿದ್ದ ಮರುವರ್ಷ, 2024ರ ಸೆಪ್ಟೆಂಬರ್ 29ರಂದು, ಹೋಟಗಿ ರಸ್ತೆಯ ವಿಮಾನತಳದ ಉದ್ಘಾಟನೆ ಆಯಿತು. 2025ರ ಜೂನ್‌ನಲ್ಲಿ ಗೋವಾಕ್ಕೆ, ಅಕ್ಟೋಬರ್‌ನಲ್ಲಿ ಮುಂಬಯಿಗೆ ವಿಮಾನ ಹಾರಿದವು. ಮುಂಬಯಿ ಮಾರ್ಗದ ಕೊರತೆಯನ್ನು ಮಹಾರಾಷ್ಟ್ರ ಸರ್ಕಾರ ಪೂರ್ತಿ ತಾನೇ ತುಂಬುವುದೆಂದು ಮಂತ್ರಿಮಂಡಳ ಒಪ್ಪಿತ್ತು. ಅದೂ ಮುದ್ದತ್ತಿನ ನೆರವೇ. ಅಕ್ಕಲಕೋಟಕ್ಕೆ ಸ್ವಾಮಿ ಸಮರ್ಥರ ದರ್ಶನಕ್ಕೆ ದೂರದಿಂದ ಬರುವವರಿಗೆ ಅನುಕೂಲ ಆಗಿದ್ದು ಖರೆ, ಅದನ್ನ ನಾ ಅಲ್ಲಗಳೆಯೂದಿಲ್ಲ. ಆದರ ಒಂದು ಸೀಟಿಗೆ ಸರ್ಕಾರ ಎಷ್ಟು ಕೊಡ್ತದ, ಯಾವ ತಾರೀಖಿನ ತನಕ ಕೊಡ್ತದ ಅನ್ನೂ ಎರಡು ಅಂಕಿ ತೆಗೆಸಿ, ನಮ್ಮ ಮಾಸ್ತರರು ವಾಚನಾಲಯದ ಫಲಕದ ಮ್ಯಾಲ ಬರೆದರ ಛಲೋ ಆಗ್ತದ. ಕಬ್ಬಿನ ದರ ಬರೆಯೂ ಜಾಗದ ಬಾಜೂಕೇ ಇರಲಿ.